ಮೊದಲ ಆಯ್ಕೆ: ಭೂವಿಜ್ಞಾನ

ಹತ್ತಿ ಗಿರಣಿಯ ವಸತಿ, ಜಿಯಾಂಗ್‌ಶಿ
೯ ಮೇ ೧೯೯೩

ಅಪ್ಪ,

ನಾನು ನಿರ್ಧರಿಸಿಬಿಟ್ಟಿದ್ದೇನೆ. ಭೂವಿಜ್ಞಾನ. ಎರಡನೆಯ ಆಯ್ಕೆ ಏನು ಎಂದು ಪಾನ್ ಮೇಷ್ಟ್ರು ಕೇಳಿದರು. ಅದೂ ಭೂವಿಜ್ಞಾನವೇ, ಕಾಲೇಜು ಮಾತ್ರ ಬೇರೆ ಎಂದೆ. ಮೂರನೆಯದನ್ನು ಕೇಳುವ ಧೈರ್ಯ ಅವರಿಗೆ ಬರಲಿಲ್ಲ.

ಅಮ್ಮ ಮೂರು ದಿನದಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ. ನನ್ನ ವಿಷಯವನ್ನೆಲ್ಲ ಪಾತ್ರೆಗಳ ಹತ್ತಿರ ಹೇಳಿಕೊಳ್ಳುತ್ತಾಳೆ. "ಕಲ್ಲು ಕುಟ್ಟೋಕೆ ಹನ್ನೆರಡು ವರ್ಷ ಓದ್ಬೇಕಿತ್ತಂತೆ. ಜೈಲಲ್ಲಿ ಪುಕ್ಕಟೆ ಕುಟ್ತಾರಪ್ಪ." ಆಮೇಲೆ ಬಾಣಲೆಯ ಕಡೆ ತಿರುಗಿ, "ಈ ಮನೇಲಿ ಈಗಾಗ್ಲೇ ಒಬ್ರು ಇದಾರಲ್ಲ, ಕಲ್ಲಿನ ಗಂಡ. ನನ್ನ ಪಾಲಿಗೆ ಬರೀ ಕಾಗದದ ಗಂಡ" ಎಂದಳು. ಕ್ಷಮಿಸು ಅಪ್ಪ, ನನಗೆ ನಗು ಬಂದುಬಿಟ್ಟಿತು. ಅದಕ್ಕೇ ಮೂರು ದಿನವಾದದ್ದು, ಇಲ್ಲದಿದ್ದರೆ ಒಂದೇ ದಿನದಲ್ಲಿ ಮುಗಿಯುತ್ತಿತ್ತು.

ನಾನು ಲೆಕ್ಕಪತ್ರ ಓದಬೇಕೆಂದು ಅವಳ ಆಸೆ. ಗಿರಣಿಯಲ್ಲಿ ಹೊಸ ವರ್ಷದಿಂದ ಎರಡು ನೇಯ್ಗೆ ಶೆಡ್ ಮುಚ್ಚಿದ್ದಾರೆ. "ಎಲ್ಲಾರೂ ಹೋದ್ಮೇಲೂ ಇಬ್ರು ಉಳೀತಾರೆ ಕಣೇ. ಗೇಟ್ ಕಾಯೋನು, ಲೆಕ್ಕ ಬರೆಯೋಳು. ನಿನಗೆ ಮೀಸೆ ಇಲ್ಲ, ಗೇಟ್ ಕಾಯೋಕಾಗಲ್ಲ" ಎನ್ನುತ್ತಾಳೆ. ಓಣಿಯ ಎಲ್ಲರ ಬಾಯಲ್ಲೂ ಅದೇ ಮಾತು: ಕ್ಷಿಪಣಿ ಮಾಡುವವನಿಗಿಂತ ಚಹಾ ನೀರಲ್ಲಿ ಬೇಯಿಸಿದ ಮೊಟ್ಟೆ ಮಾರುವವಳು ಮೇಲು. ಆಗಲಿ, ಒಪ್ಪಿದೆ. ಎಲ್ಲರೂ ಮೊಟ್ಟೆ ಬೇಯಿಸುತ್ತ ಕೂತರೆ ಒಲೆಗೆ ಕಲ್ಲಿದ್ದಲು ಹುಡುಕುವವರು ಯಾರು?

ಸಾಂಸ್ಕೃತಿಕ ಭವನದ ವಾಚನಾಲಯವನ್ನು ಬಿಲಿಯರ್ಡ್ಸ್ ಆಡುವವರಿಗೆ ಬಾಡಿಗೆಗೆ ಕೊಟ್ಟರು. ವಿಜ್ಞಾನದ ಪುಸ್ತಿಕೆಗಳನ್ನೆಲ್ಲ ರದ್ದಿಗೆಂದು ಮೆಟ್ಟಿಲ ಮೇಲೆ ಸುರಿದಿದ್ದರು. ನಾನು ನಲವತ್ತೊಂದನ್ನು ಹೊತ್ತು ತಂದೆ. ತನ್ನ ಕಾಲ ಕೆಳಗೆ ಏನಿದೆ ಎಂದು ತಿಳಿಯದ ದೇಶ ತಲೆ ಎತ್ತಿ ನಡೆಯಲಾರದು ಎಂದು ಅವುಗಳಲ್ಲೊಂದರಲ್ಲಿ ಒಂದು ಸಾಲಿದೆ. ಮಂಚದ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ಅಮ್ಮ ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದಾಳೆ.

ಜುಲೈ ೭, ೮, ೯ ಪರೀಕ್ಷೆ. ಆಮೇಲೆ ಉತ್ತರಗಳನ್ನು ಶಾಲೆಯಲ್ಲಿ ಕೊಡುತ್ತಾರೆ. ನಮ್ಮ ಅಂಕಗಳನ್ನು ನಾವೇ ಅಂದಾಜು ಮಾಡಿಕೊಂಡು, ೧೬ರೊಳಗೆ ಆಯ್ಕೆಯ ಅರ್ಜಿ ತುಂಬಿ ಕೊಡಬೇಕು. ನಿಜವಾದ ಅಂಕ ಬರುವುದು ಅದಾದ ಮೇಲೆ. ಅಷ್ಟರೊಳಗೆ ನೀನು ಒಂದೇ ಒಂದು ಸಾಲು ಬರೆ: "ಲಾನ್ ಭೂವಿಜ್ಞಾನ ಓದಲಿ." ಕೆಳಗೆ ನಿನ್ನ ಸಹಿ. ಅಮ್ಮ ನಿನ್ನ ಮಾತು ಮೀರಿಯಾಳು, ನಿನ್ನ ಕಾಗದ ಮಾತ್ರ ಹರಿಯುವವಳಲ್ಲ.

ಈಗ ಯಾವ ಕಣಿವೆಯಲ್ಲಿದ್ದೀಯ?

ನಿನ್ನ ಮಗಳು
ರೂಯಿಲಾನ್


ಝಾಂಗ್‌ಯೆ, ಗಾನ್ಸು
೨೪ ಮೇ ೧೯೯೩

ಮಗಳೇ ಲಾನ್,

ನಿನ್ನ ಕಾಗದ ಬಂದು ಐದು ದಿನವಾಯಿತು. ತಂಡ ಬೆಟ್ಟದ ಮೇಲಿತ್ತು, ಉತ್ತರ ತಡವಾಯಿತು.

ಇಲ್ಲಿ ಚಿಲಿಯನ್ ಬೆಟ್ಟಗಳಲ್ಲಿ ಇನ್ನೂ ಹಿಮ ಕರಗಿಲ್ಲ. ಮೊನ್ನೆ ಕಣಿವೆಯ ಎಡದಂಡೆಯಲ್ಲಿ ಕೆಂಪು ಮರಳುಗಲ್ಲಿನ ಪದರಗಳು ಕಂಡವು. ಮೂವತ್ತೇಳು ಡಿಗ್ರಿ ವಾಲಿಕೊಂಡು, ಮಡಿಸಿಟ್ಟ ಕಂಬಳಿಗಳ ಹಾಗಿದ್ದವು. ಕುರಿ ಕಾಯುವ ಮುದುಕನೊಬ್ಬ ಬಂದು ನಿಂತು, "ಏನ್ ಕಳ್ಕೊಂಡಿದೀರಿ, ಇಷ್ಟು ದಿನದಿಂದ ಹುಡುಕ್ತಾನೇ ಇದೀರಲ್ಲ?" ಎಂದು ಕೇಳಿದ.

ಜೊತೆಗಾರ ಗುವೊ ನಿನ್ನ ಕಾಗದವನ್ನು ನನ್ನಿಂದ ಓದಿಸಿ ಕೇಳಿದ. "ನಿನ್ ಮಗಳು ಕಾಗದ ಬರೀತಾಳೋ, ಭಾಷಣ ಮಾಡ್ತಾಳೋ?" ಎಂದ. ಮೊಟ್ಟೆ ಮತ್ತು ಕಲ್ಲಿದ್ದಲಿನ ಮಾತನ್ನು ಮಾತ್ರ ಎರಡು ಸಲ ಓದಿಸಿಕೊಂಡ.

ಅಮ್ಮ ಹೇಳುವುದರಲ್ಲಿ ತಪ್ಪಿಲ್ಲ. ಲೆಕ್ಕಪತ್ರ ಒಳ್ಳೆಯ ವಿದ್ಯೆ. ಅದಕ್ಕೆ ತಲೆಯ ಮೇಲೆ ಸೂರು ಇರುತ್ತದೆ, ಎದುರಿಗೆ ಬಿಸಿ ಚಹಾ ಇರುತ್ತದೆ. ನಮ್ಮ ತಂಡಗಳಲ್ಲಿ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುವುದೂ ಕಡಿಮೆ. ಕಲ್ಲು ಎಲ್ಲಿಗೂ ಓಡಿಹೋಗುವುದಿಲ್ಲ, ಭಾನುವಾರಗಳಲ್ಲಿ ನೋಡಬಹುದು.

ನೀನು ಕೇಳಿದ ಸಾಲನ್ನು ಬರೆಯಲಾರೆ. ಅಮ್ಮನ ಮಾತು ಕೇಳು. ರಾತ್ರಿ ಓದಿದ್ದು ಸಾಕು, ಮಲಗು.

ಅಪ್ಪ


೪ ಜೂನ್ ೧೯೯೩

ಅಪ್ಪನವರಿಗೆ,

ನಿಮ್ಮ ಪತ್ರ ತಲುಪಿತು.

ನನಗೆ ಎಂಟು ವರ್ಷವಾಗಿದ್ದಾಗ ಒಬ್ಬರು ರಜೆಗೆ ಬಂದು, ನನ್ನನ್ನು ನದಿಯ ದಂಡೆಗೆ ಕರೆದೊಯ್ದು, ಕಲ್ಲನ್ನು ಮೊದಲು ಉಗುರಿನಿಂದ ಗೀರು, ಗೀರು ಬೀಳದಿದ್ದರೆ ತಾಮ್ರದ ನಾಣ್ಯದಿಂದ, ಅದಕ್ಕೂ ಬಗ್ಗದಿದ್ದರೆ ಚಾಕುವಿನಿಂದ ಎಂದು ಹೇಳಿಕೊಟ್ಟರು. "ಕಲ್ಲು ಸುಳ್ಳು ಹೇಳಲ್ಲ, ಪುಟ್ಟಿ. ಕೇಳೋ ರೀತಿ ಕೇಳಿದ್ರೆ ಎಲ್ಲಾ ಹೇಳುತ್ತೆ" ಎಂದರು. ಅವರೇ ಈಗ ಬಿಸಿ ಚಹಾದ ಬಗ್ಗೆ ಬರೆಯುತ್ತಿದ್ದಾರೆ. ಅವರಿಗೇನಾಯಿತು ಎಂದು ತಮಗೆ ಗೊತ್ತಿದ್ದರೆ ತಿಳಿಸಿ.

ಇನ್ನೊಂದು ವಿಷಯ. ನಿಮ್ಮ ಪತ್ರಗಳನ್ನೆಲ್ಲ ನಾನು ಇಸವಿಯ ಪ್ರಕಾರ ಜೋಡಿಸಿಟ್ಟಿದ್ದೇನೆ. ೧೯೮೪ರ ಜೂನ್ ತಿಂಗಳ ಪತ್ರದಲ್ಲಿ ಎಡದಂಡೆ ಇದೆ, ಕೆಂಪು ಮರಳುಗಲ್ಲಿದೆ, ಮೂವತ್ತೇಳು ಡಿಗ್ರಿ ಇದೆ, ಕಂಬಳಿಯೂ ಇದೆ. ಆ ಮುದುಕ ಒಂಬತ್ತು ವರ್ಷದಿಂದ ಅದೇ ಪ್ರಶ್ನೆ ಕೇಳುತ್ತ ಅಲ್ಲೇ ನಿಂತಿದ್ದಾನೆಯೇ? ಆಗಲೇ ಮುದುಕನಾಗಿದ್ದವನು?

ನನಗೆ ಬರೆಯಲು ನಿಮ್ಮಲ್ಲಿ ಹೊಸದೇನೂ ಉಳಿದಿಲ್ಲ ಎಂದು ಅರ್ಥವಾಯಿತು. ಮಗಳು ದೊಡ್ಡವಳಾದಳು, ಹಳೆಯದನ್ನೇ ನಕಲು ಮಾಡಿ ಕಳಿಸಿದರೆ ಸಾಕು ಎಂದುಕೊಂಡಿರಿ. ಲೆಕ್ಕಪತ್ರದ ಮಾತಿಗಿಂತ ಇದೇ ಹೆಚ್ಚು ನೋಯಿಸಿತು.

ಓದುವುದು ಬಹಳ ಇದೆ. ಇಲ್ಲಿಗೆ ನಿಲ್ಲಿಸುತ್ತೇನೆ.

ಕ್ವಾಂಗ್ ರೂಯಿಲಾನ್


೧೮ ಜೂನ್ ೧೯೯೩

ಲಾನ್,

"ನೀವು" ಎಂದು ಬರೆದಿದ್ದೀಯ. ಗುವೊ ಅದನ್ನು ನೋಡಿ, "ಹೋಯ್ತು, ನಿನಗೆ ಬಡ್ತಿ ಸಿಕ್ತು" ಎಂದ.

ವಯಸ್ಸಾದವರು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಾರೆ. ಹಾಗೆಂದುಕೋ. ಉಳಿದದ್ದನ್ನು ಪರೀಕ್ಷೆ ಮುಗಿದ ಮೇಲೆ ಬರೆಯುತ್ತೇನೆ.

ಏಳರ ಬೆಳಿಗ್ಗೆ ಎಣ್ಣೆಯದ್ದು ತಿನ್ನಬೇಡ. ಎರಡು ಪೆನ್ನು ಇಟ್ಟುಕೋ. ಗಣಿತದಲ್ಲಿ ಮೊದಲ ಪ್ರಶ್ನೆ ಬರದಿದ್ದರೆ ಅದರೊಡನೆ ಜಗಳಕ್ಕೆ ನಿಲ್ಲಬೇಡ, ಎರಡನೆಯದಕ್ಕೆ ಹೋಗು. ನಿನ್ನ ಸ್ವಭಾವ ನನಗೆ ಗೊತ್ತು.

ಅಪ್ಪ


ಝಾಂಗ್‌ಯೆ
೧೦ ಜುಲೈ ೧೯೯೩

ಮಗಳೇ,

ನಿನ್ನೆ ನಿನ್ನ ಪರೀಕ್ಷೆ ಮುಗಿಯಿತು. ಅದಕ್ಕೇ ಕಾಯುತ್ತಿದ್ದೆ.

ನಾನು ಕೊನೆಯ ಸಲ ಬೆಟ್ಟ ಹತ್ತಿ ಎರಡು ವರ್ಷವಾಯಿತು. ೧೯೯೧ರ ವಸಂತದಲ್ಲಿ ಮೇಲಿನಿಂದ ಬರುತ್ತಿದ್ದ ಕೆಲಸಗಳು ನಿಂತವು. ಐವತ್ತರ ಹತ್ತಿರ ಬಂದವರೆಲ್ಲ ಇಲ್ಲೇ ಏನಾದರೂ ದಾರಿ ಮಾಡಿಕೊಳ್ಳಿ ಎಂದರು. ನಾವು ಕೊನೆಯದಾಗಿ ಕೊರೆದ ಬಾವಿಯಲ್ಲಿ ಅದಿರು ಸಿಗಲಿಲ್ಲ, ಬಿಸಿನೀರು ಸಿಕ್ಕಿತು. ಬಸ್ ನಿಲ್ದಾಣದ ಹಿಂದೆ ಅದಕ್ಕೊಂದು ಸ್ನಾನದ ಮನೆ ಕಟ್ಟಿದರು. ನಾನು ಅಲ್ಲಿ ಟಿಕೆಟ್ ಹರಿದು ಕೊಡುತ್ತೇನೆ, ಟವೆಲ್ ಒಣಹಾಕುತ್ತೇನೆ, ಪೈಪು ಕಟ್ಟಿಕೊಂಡರೆ ಬಿಡಿಸುತ್ತೇನೆ. ಗುವೊ ಬಂದವರ ಬೆನ್ನು ಉಜ್ಜುತ್ತಾನೆ. ಇಪ್ಪತ್ತೆಂಟು ವರ್ಷ ನಕ್ಷೆ ಬರೆದ ಕೈ ಅದು. "ಈಗ ಊರಿನವರೆಲ್ಲರ ಬೆನ್ನಿನ ನಕ್ಷೆ ನನ್ ಹತ್ರ ಇದೆ, ಯಾವನಾದ್ರೂ ತಪ್ಪಿಸ್ಕೊಂಡು ಹೋಗ್ಲಿ ನೋಡೋಣ" ಎನ್ನುತ್ತಾನೆ.

ಮೊದಲ ತಿಂಗಳೇ ಹೇಳಿಬಿಡೋಣ ಎಂದುಕೊಂಡೆ. ಆಗಲೇ ನಿನ್ನ ಕಾಗದ ಬಂತು, ಕೊನೆಯಲ್ಲಿ ಎಂದಿನಂತೆ "ಈಗ ಯಾವ ಕಣಿವೆಯಲ್ಲಿದ್ದೀಯ?" ಎಂದು. ಹಳೆಯ ಟಿಪ್ಪಣಿ ಪುಸ್ತಕ ತೆಗೆದು ಒಂದು ಕಣಿವೆ ಬರೆದು ಕಳಿಸಿದೆ. ಮುಂದಿನ ಸಲ ಇನ್ನೊಂದು. ಬರೆಯುವಷ್ಟು ಹೊತ್ತು ನಾನೂ ಅಲ್ಲೇ ಇರುತ್ತಿದ್ದೆ, ಅದಕ್ಕೇ ಬಿಡಲಾಗಲಿಲ್ಲ. ಪುಸ್ತಕಗಳು ಮುಗಿದವು, ಮೊದಲಿನದನ್ನೇ ಮತ್ತೆ ತೆರೆದೆ. ನೀನು ಹಿಡಿದುಬಿಟ್ಟೆ. ನಿನಗೆ ಬರೆಯಲು ಬೇಸರವಾಗಿ ನಕಲು ಮಾಡಿದ್ದಲ್ಲ ಲಾನ್. ಅದೊಂದನ್ನು ನಂಬು.

ಲೆಕ್ಕಪತ್ರ ಓದು ಎಂದೆ, ಕಾರಣ ಹೇಳಲಿಲ್ಲ. ಕಾರಣವಿಲ್ಲದ ಅಪ್ಪಣೆಯನ್ನು ನೀನು ಎಂದೂ ಒಪ್ಪಿದವಳಲ್ಲ. ಈಗ ಕಾರಣ ನಿನ್ನ ಮುಂದಿದೆ. ನಾಳೆ ನಿನಗೂ ಒಂದು ಸ್ನಾನದ ಮನೆ ಕಾದಿರಬಹುದು. ಇಲ್ಲದೆಯೂ ಇರಬಹುದು. ಈ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು ನಿನಗೆ ಬೇಕಾದದ್ದನ್ನು ಬರೆ. ಲೆಕ್ಕಪತ್ರ ಬರೆದರೆ ನನಗೆ ಬೇಸರವಿಲ್ಲ. ಭೂವಿಜ್ಞಾನ ಬರೆಯುವುದಾದರೆ, ಬೆಟ್ಟದ ಮೇಲಿರುವ ಅಪ್ಪನಿಗಾಗಿ ಬರೆಯಬೇಡ. ಅಂಥವನು ಯಾರೂ ಇಲ್ಲ.

ಅಪ್ಪ

೧೩ ಜುಲೈ: ಮೂರು ದಿನ ಇದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಈಗ ಅಂಚೆಗೆ ಹಾಕುತ್ತಿದ್ದೇನೆ.


ಜಿಯಾಂಗ್‌ಶಿ
೧೨ ಜುಲೈ ೧೯೯೩

ಅಪ್ಪ,

ಮುನಿಸನ್ನು ಪಕ್ಕಕ್ಕಿಟ್ಟು ಬರೆಯುತ್ತಿದ್ದೇನೆ. ಬೇರೆ ಯಾರಿಗೆ ಬರೆಯಲಿ?

ನಿನ್ನೆ ಉತ್ತರದ ಹಾಳೆಗಳನ್ನು ಕೊಟ್ಟರು. ಕೋಣೆಯಲ್ಲಿ ಐವತ್ತಾರು ಜನ ತಮಗೆ ತಾವೇ ಅಂಕ ಹಾಕಿಕೊಳ್ಳುತ್ತ ಕೂತಿದ್ದೆವು. ನನ್ನ ಪಕ್ಕದ ಡೆಸ್ಕಿನವಳು ಬರೆಯದ ಪ್ರಶ್ನೆಗೂ ಎರಡು ಅಂಕ ಕೊಟ್ಟುಕೊಂಡಳು, "ಯೋಚ್ನೆ ಮಾಡಿದ್ದಕ್ಕೆ" ಎಂದು. ನಾನು ಅನುಮಾನವಿದ್ದ ಕಡೆಯೆಲ್ಲ ಕಳೆದೆ. ಸೂತ್ರ ಸರಿಯಿದ್ದರೂ ಅಕ್ಷರ ಕೆಟ್ಟದ್ದಿದ್ದರೆ ಕಳೆದೆ. ಪಾನ್ ಮೇಷ್ಟ್ರು ಹಿಂದೆ ಬಂದು ನಿಂತು ನೋಡಿದವರು, "ಏನಮ್ಮ, ನಿನ್ ವೈರಿ ಪತ್ರಿಕೆ ತಿದ್ತಿದೀಯಾ? ಅರ್ಧ ಅಂಕ ಕೈಲಿದ್ರೆ ನಿನಗೇ ಕೊಟ್ಕೊಳ್ಳಮ್ಮ" ಎಂದರು. ತನ್ನ ಬಗ್ಗೆಯೇ ಸುಳ್ಳು ಹೇಳಿಕೊಳ್ಳುವವಳು ಮುಂದೆ ಅಳತೆ ತೆಗೆಯುವುದಾದರೂ ಹೇಗೆ? ೪೯೮ ಬಂತು. ರಾಜಧಾನಿಯ ದೊಡ್ಡ ಕಾಲೇಜಿಗೆ ಅದು ಸಾಲದು. ನಮ್ಮ ಪ್ರಾಂತ್ಯದ ಗಣಿ ಕಾಲೇಜಿಗೆ ಸಾಕು, ಅಮ್ಮನ ಲೆಕ್ಕಪತ್ರದ ಕಾಲೇಜಿಗೂ ಸಾಕು.

ಅರ್ಜಿ ಮೇಜಿನ ಮೇಲಿದೆ. ಅಮ್ಮ ಅದರ ಪಕ್ಕ ಪೆನ್ಸಿಲ್ ಇಟ್ಟಿದ್ದಾಳೆ, ಪೆನ್ ಇಟ್ಟಿಲ್ಲ. ಕೊನೆಯ ಕಾಲಂನಲ್ಲಿ "ಹಂಚಿಕೆಗೆ ಬದ್ಧ" ಎಂದು ಬರೆಯಬೇಕು. ಬರೆದರೆ, ಕೇಳಿದ್ದು ಸಿಗದಿದ್ದಾಗ ಯಾರೂ ಕೇಳದ ವಿಷಯಕ್ಕೆ ಹಾಕುತ್ತಾರೆ. ಬರೆಯದಿದ್ದರೆ ಮನೆಯಲ್ಲೇ ಕೂರಬೇಕಾಗಬಹುದು.

ನಿನಗೊಬ್ಬನಿಗೇ ಹೇಳುತ್ತೇನೆ. ನನಗೆ ಹೆದರಿಕೆಯಾಗಿದೆ. ಅಮ್ಮನ ಶೆಡ್ ಅನ್ನೂ ಶರತ್ಕಾಲದಲ್ಲಿ ಮುಚ್ಚುತ್ತಾರಂತೆ. ಅವಳು ಆ ಸುದ್ದಿಯನ್ನು ಪಾತ್ರೆಗಳಿಗೂ ಹೇಳಿಲ್ಲ, ನಾನು ಓಣಿಯಲ್ಲಿ ಕೇಳಿದೆ. ಇಂದು ಬೆಳಿಗ್ಗೆ ಮೊದಲ ಸಾಲಿನಲ್ಲಿ ಪೆನ್ಸಿಲಿನಿಂದ "ಲೆಕ್ಕಪತ್ರ" ಎಂದು ಬರೆದು ನೋಡಿದೆ. ಏನೂ ಆಗಲಿಲ್ಲ. ಗೋಡೆ ಬೀಳಲಿಲ್ಲ. ಅಮ್ಮ ನೋಡಿದಳು, ನನ್ನ ಬಟ್ಟಲಿಗೆ ಇನ್ನೊಂದು ಮೊಟ್ಟೆ ಹಾಕಿದಳು. ನಾನಿನ್ನೂ ಅದನ್ನು ಅಳಿಸಿಲ್ಲ.

ಲಾನ್


ತಂತಿ
ಝಾಂಗ್‌ಯೆಯಿಂದ, ೧೪ ಜುಲೈ ೧೯೯೩

ಅರ್ಜಿ ಕೊಡಬೇಡ ಕಾಗದ ಬರುತ್ತಿದೆ ಕಾಯಿ ಅಪ್ಪ


ಜಿಯಾಂಗ್‌ಶಿ
೨೧ ಜುಲೈ ೧೯೯೩

ಅಪ್ಪ,

ನಿನ್ನ ತಂತಿ ೧೫ರ ಮಧ್ಯಾಹ್ನ ಬಂತು. ಪೆನ್ಸಿಲಿನ ಅಕ್ಷರ ಇನ್ನೂ ಹಾಗೇ ಇತ್ತು. ಅದರ ಮೇಲೆ ಪೆನ್ನು ಓಡಿಸಿ ಮುಗಿಸಿಬಿಡೋಣ ಎಂದು ಕೂತಿದ್ದೆ. ಅಷ್ಟರಲ್ಲಿ "ಅರ್ಜಿ ಕೊಡಬೇಡ" ಎಂದು ಓದಿದೆ. ಇನ್ನೂ ನನ್ನನ್ನು ತಡೆಯುತ್ತಿದ್ದಾನೆ, ತಂತಿಗೆ ದುಡ್ಡು ಸುರಿದು ತಡೆಯುತ್ತಿದ್ದಾನೆ ಎಂದು ಎಷ್ಟು ಕೋಪ ಬಂತೆಂದರೆ, ರಬ್ಬರಿನಿಂದ ಉಜ್ಜಿದ ರಭಸಕ್ಕೆ ಕಾಗದ ತೂತಾಗುವುದರಲ್ಲಿತ್ತು. ಪೆನ್ನಿನಲ್ಲಿ "ಭೂವಿಜ್ಞಾನ" ಎಂದು ಬರೆದೆ. ಕೊನೆಯ ಕಾಲಂನಲ್ಲಿ "ಬದ್ಧಳಲ್ಲ" ಎಂದೂ ಬರೆದು, ಚಪ್ಪಲಿಯಲ್ಲೇ ಶಾಲೆಗೆ ಓಡಿ ಕೊಟ್ಟು ಬಂದೆ.

ನಿನ್ನ ಕಾಗದ ೧೯ಕ್ಕೆ ಬಂತು.

ಮೂರು ಸಲ ಓದಿದೆ. ಆಮೇಲೆ ಅಮ್ಮನ ಮುಂದೆ ಹಿಡಿದೆ. ಅವಳು ಅದನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ.

"ಸ್ನಾನದ ಮನೆ ತಾನೇ? ನನಗೆ ಗೊತ್ತು."

"ಅಪ್ಪ ಹೇಳಿದ್ನಾ?"

"ಹೇಳ್ಬೇಕಾ? ಹೋದ ಹೊಸ ವರ್ಷಕ್ಕೆ ಬಂದಾಗ ನೋಡ್ಲಿಲ್ವಾ ನೀನು, ಆ ಕೈ? ತೊಳೆದಿಟ್ಟ ಮೂಲಂಗಿ ಇದ್ದ ಹಾಗೆ! ಕಲ್ಲು ಒಡೆಯೋ ಗಂಡಸಿನ ಕೈ ಅಷ್ಟು ಬೆಳ್ಳಗಿರುತ್ತಾ? ಅಂಗಿಯೆಲ್ಲಾ ಸೋಪಿನ ವಾಸನೆ. ಮೊದಲು ಬೇರೇನೋ ಅಂದ್ಕೊಂಡೆ. ಆಮೇಲೆ ಗುವೊ ಹೆಂಡ್ತಿಗೆ ಕಾಗದ ಹಾಕಿ ಕೇಳ್ದೆ."

"ನನಗ್ಯಾಕೆ ಹೇಳ್ಲಿಲ್ಲ?"

"ಅವರ ಕಾಗದ ಬಂದ ದಿನ ನೀನು ಎರಡು ಬಟ್ಟಲು ಅನ್ನ ತಿಂತಿದ್ದೆ. ಅದಕ್ಕೆ."

ನಾನು ನಿನ್ನ ಚೀಲದಲ್ಲಿ ಕಲ್ಲು ಹುಡುಕುತ್ತಿದ್ದೆ ಅಪ್ಪ, ಕೈ ನೋಡಲಿಲ್ಲ.

ಕಾಗದ ನಾಲ್ಕು ದಿನ ಮೊದಲು ಬಂದಿದ್ದರೆ ಏನು ಬರೆಯುತ್ತಿದ್ದೆ? ಎರಡು ದಿನದಿಂದ ಇದೊಂದನ್ನೇ ಕೇಳಿಕೊಳ್ಳುತ್ತಿದ್ದೇನೆ. ಭೂವಿಜ್ಞಾನವೇ ಎಂದು ಎದೆ ತಟ್ಟಿ ಹೇಳುವ ಆಸೆ. ಆದರೆ ಗೊತ್ತಿಲ್ಲ. ನನ್ನ ನಲವತ್ತೊಂದು ಪುಸ್ತಿಕೆಗಳಲ್ಲಿ ಒಂದರಲ್ಲೂ ಇದಕ್ಕೆ ಉತ್ತರವಿಲ್ಲ. ಅವುಗಳಲ್ಲಿ ಎಲ್ಲರೂ ಹುಡುಕಿದ್ದು ಕೊನೆಗೆ ಸಿಕ್ಕೇ ಸಿಗುತ್ತದೆ.

ಇನ್ನು ಮುಂದೆ ಬೆಟ್ಟದ ಕಾಗದ ಬೇಡ. ಒಂದನ್ನು ಮಾತ್ರ ಹೇಳು. ಆ ಮೂವತ್ತೇಳು ಡಿಗ್ರಿ ೧೯೮೪ರಲ್ಲಾದರೂ ನಿಜವೇ?

ಲಾನ್


ಝಾಂಗ್‌ಯೆ
೨ ಆಗಸ್ಟ್ ೧೯೯೩

ಲಾನ್,

ನಿಜ. ಮೂರು ಸಲ ಅಳೆದಿದ್ದೆ.

ಅಪ್ಪ


ಗಣಿ ಕಾಲೇಜು, ಹೆಣ್ಣುಮಕ್ಕಳ ವಸತಿ, ಕೋಣೆ ೩೦೭
೧೪ ಸೆಪ್ಟೆಂಬರ್ ೧೯೯೩

ಅಪ್ಪ,

ಎಂಟು ವಾರ ಬರೆಯಲಿಲ್ಲ. ಕೋಪದಿಂದಲ್ಲ. ಅಂಕಗಳು ಬಂದವು, ಅದನ್ನು ಹೇಳಲು ನಾಚಿಕೆಯಾಯಿತು. ೫೨೩. ನನ್ನ ಪತ್ರಿಕೆಯನ್ನು ನಾನು ವೈರಿಯ ಹಾಗೆಯೇ ತಿದ್ದಿದ್ದೆ. ೫೨೩ಕ್ಕೆ ರಾಜಧಾನಿಯ ಕಾಲೇಜು ಸಿಗುತ್ತಿತ್ತು. ಪಾನ್ ಮೇಷ್ಟ್ರು ಹಣೆ ಹಣೆ ಚಚ್ಚಿಕೊಂಡರು. "ಇಪ್ಪತ್ತೈದು ಅಂಕ! ಬೀದೀಲಿ ಎಸೆದ್ಯಲ್ಲಮ್ಮ! ನಾಳೆ ಗಣಿಯಲ್ಲಿ ಚಿನ್ನ ಸಿಕ್ರೂ ‘ಇದು ಹಿತ್ತಾಳೆ ಇರಬಹುದು’ ಅಂತ ವಾಪಸ್ ಹಾಕ್ತೀಯ ನೀನು!"

ಅಮ್ಮನ ಶೆಡ್ ಮುಚ್ಚಿತು. ನನ್ನನ್ನು ರೈಲು ಹತ್ತಿಸಿದ ಮರುದಿನದಿಂದ ಗಿರಣಿಯ ಗೇಟಿನ ಹತ್ತಿರ ಒಲೆ ಇಟ್ಟು ಚಹಾ ಮೊಟ್ಟೆ ಮಾರುತ್ತಿದ್ದಾಳಂತೆ. ನಿನಗೆ ಬರೆದಿದ್ದಾಳೋ ಇಲ್ಲವೋ. ನನಗೆ ಬರೆದದ್ದು ಎರಡೇ ಸಾಲು: "ಕ್ಷಿಪಣಿಯವರಿಗಿಂತ ಮೇಲಾಗಿದ್ದೇನೆ. ನೀನು ಕಲ್ಲಿದ್ದಲು ಹುಡುಕು."

ಇಲ್ಲಿ ನಮ್ಮ ತರಗತಿಯಲ್ಲಿ ಮೂವತ್ತೊಂದು ಜನ. ಮೊದಲ ದಿನ ಹೇ ಮೇಷ್ಟ್ರು ಬಂದರು. ನಿನ್ನ ವಯಸ್ಸಿನವರು, ಬೂಟಿನಲ್ಲಿ ಮಣ್ಣು. "ಈ ವಿಷಯಾನ ಮೊದಲ ಆಯ್ಕೆಯಾಗಿ ಬರೆದವರು ಕೈ ಎತ್ತಿ" ಎಂದರು. ನಾನು ಎತ್ತಿದೆ. ಸುತ್ತ ನೋಡಿದರೆ ನನ್ನದೊಂದೇ ಕೈ. ಉಳಿದ ಮೂವತ್ತು ಜನರೂ ಹಂಚಿಕೆಗೆ ಬದ್ಧರಾಗಿ ಬಂದವರು. ಬ್ಯಾಂಕಿಂಗ್ ಕೇಳಿದವರು, ವಿದೇಶಿ ವ್ಯಾಪಾರ ಕೇಳಿದವರು, ಲೆಕ್ಕಪತ್ರ ಕೇಳಿದವರೇ ಏಳು ಜನ! ಹೇ ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಹೋದ ವರ್ಷ ಒಂದೂ ಇರ್ಲಿಲ್ಲ" ಎಂದು ಪಾಠ ಶುರು ಮಾಡಿದರು.

ಕೋಣೆಯಲ್ಲಿ ನನ್ನ ಮೇಲಿನ ಮಂಚದವಳು ಶೂ ಪೇಯಿ. ಬಂದ ದಿನದಿಂದ ಅಳುತ್ತಿದ್ದಳು. ಮೊನ್ನೆ ತಲೆ ಕೆಳಗೆ ಚಾಚಿ ಕೇಳಿದಳು.

"ನಿನಗೆ ಎಷ್ಟು ಬಂದಿತ್ತು?"

"೫೨೩."

"ಅಯ್ಯೋ! ಅಷ್ಟು ಬಂದವಳನ್ನ ಯಾವ ಪಾಪಕ್ಕೆ ಇಲ್ಲಿ ಹಾಕಿದ್ರು?"

"ನಾನೇ ಬರೆದೆ."

ಅವಳು ಅಳು ನಿಲ್ಲಿಸಿದಳು. "ನಮ್ಮನೇಲಿ ನನ್ನ ಪಾಪದವಳು ಅಂತಿದಾರೆ. ನೀನು ನನಗಿಂತ ಕೆಟ್ಟದಾಗಿದೀಯ" ಎಂದು ಒಂದು ಮೂನ್‌ಕೇಕ್ ಮುರಿದು ಅರ್ಧ ಕೊಟ್ಟಳು. ಈಗ ಅವಳಿಗೆ ಉಗುರಿನಿಂದ ಗೀರುವುದನ್ನು ಕಲಿಸುತ್ತಿದ್ದೇನೆ. ಉಗುರಿನ ಬಣ್ಣ ಹೋಗುತ್ತದೆ ಎಂದು ಗೊಣಗುತ್ತಾಳೆ, ಆದರೂ ಗೀರುತ್ತಾಳೆ.

ನಾಲ್ಕು ವರ್ಷದ ಮೇಲೆ ಸರಕಾರ ಕೆಲಸ ಹಂಚುತ್ತದೋ ಇಲ್ಲವೋ ಎಂದು ಯಾರೋ ಕೇಳಿದರು. ಹೇ ಮೇಷ್ಟ್ರು ಗೊತ್ತಿಲ್ಲ ಎಂದರು. ಅವರಿಗೂ ಗೊತ್ತಿಲ್ಲದ್ದು ಇದೆ ಎಂದು ಕೇಳಿ ನನಗೆ ಸ್ವಲ್ಪ ಧೈರ್ಯ ಬಂತು.

ಬೆಟ್ಟ ಬೇಡ. ಸ್ನಾನದ ಮನೆಯ ಬಗ್ಗೆ ಬರೆ. ನಿಜವಾದ ಮಾತು ಬರೆ.

ಲಾನ್


ಬಸ್ ನಿಲ್ದಾಣದ ಹಿಂದೆ, ಝಾಂಗ್‌ಯೆ
೯ ಅಕ್ಟೋಬರ್ ೧೯೯೩

ಮಗಳೇ ಲಾನ್,

ಅಮ್ಮ ಬರೆದಿದ್ದಾಳೆ. ಮೊಟ್ಟೆಗೆ ಸೋಂಪು ಎಷ್ಟು ಹಾಕಬೇಕು ಎಂದು ನನ್ನನ್ನು ಕೇಳಿದ್ದಾಳೆ, ನನಗೆ ಗೊತ್ತಿರುವ ಹಾಗೆ. ಹತ್ತೊಂಬತ್ತು ವರ್ಷದಲ್ಲಿ ಅವಳು ನನ್ನನ್ನು ಏನಾದರೂ ಕೇಳಿದ್ದು ಇದೇ ಮೊದಲು. ಗುವೊನ ಹೆಂಡತಿಯಿಂದ ಕೇಳಿ ತಿಳಿದು ಬರೆದೆ.

ನಿಜವಾದ ಮಾತು ಕೇಳಿದ್ದೀಯ. ಹೋದ ವಾರ ಗಂಡಸರ ಕಡೆಯ ದೊಡ್ಡ ಪೈಪು ಪೂರಾ ಕಟ್ಟಿಕೊಂಡಿತು. ಬಿಚ್ಚಿ ಕೊಯ್ದೆ. ಒಳಗೆ ನೀರಿನ ಸುಣ್ಣ ಬೆರಳ ದಪ್ಪಕ್ಕೆ ಕಲ್ಲಾಗಿ ಕೂತಿತ್ತು. ಎಸೆಯಲು ಹೋದವನು ಕೊಯ್ದ ಮುಖವನ್ನು ಬೆಳಕಿಗೆ ಹಿಡಿದು ನೋಡಿದೆ. ಪದರಗಳು ಲಾನ್. ಒಂದು ಬಿಳಿ, ಒಂದು ಕಂದು, ಕೂದಲೆಳೆಯಷ್ಟು ತೆಳು, ಒಂದರ ಮೇಲೊಂದು.

ಸೋಪಿನ ಡಬ್ಬಿಯ ಮೇಲೆ ಕೂತು ಮಧ್ಯಾಹ್ನವೆಲ್ಲ ಎಣಿಸಿದೆ. ಚಳಿಗಾಲದಲ್ಲಿ ಜನ ಹೆಚ್ಚು, ನೀರು ಬಿಡದೆ ಹರಿಯುತ್ತದೆ, ಆಗ ಬಿಳಿ ದಪ್ಪ. ಬೇಸಿಗೆಯಲ್ಲಿ ನೀರು ನಿಂತು ನಿಂತು ಹೋಗುತ್ತದೆ, ಆಗ ಕಂದು. ಹೊಸ ವರ್ಷದ ಹಿಂದಿನ ವಾರ ಊರಿಗೆ ಊರೇ ಮೈ ತೊಳೆಯಲು ಬರುತ್ತದಲ್ಲ, ಆ ಒಂದು ವಾರ ಬೇರೆಯಾಗಿಯೇ ಕಾಣುತ್ತದೆ, ಹಾಲಿನಂತೆ. ಎರಡು ವರ್ಷಕ್ಕೆ ಅಂಥವು ಎರಡೇ ಗೆರೆ. ಗುವೊನನ್ನು ಕೂಗಿದೆ. ಅವನು ಸೋಪಿನ ಕೈಯಲ್ಲೇ ಬಂದು ನೋಡಿ, "ಹೊರಗೆ ಹನ್ನೊಂದು ಜನ ಬತ್ತಲೆ ನಿಂತಿದಾರೆ ನೀರಿಲ್ದೆ, ನೀನು ಇಲ್ಲಿ ಸಂಶೋಧನೆ ಮಾಡ್ತಿದೀಯಾ?" ಎಂದ. ಆಮೇಲೆ ಅವನೂ ಕೂತ. ಹೊರಗಿನವರು ಬೈಯತೊಡಗಿದ ಮೇಲೆಯೇ ಎದ್ದೆವು.

ಎರಡು ವರ್ಷ ಈ ಪೈಪುಗಳನ್ನು ಬಿಡಿಸಿದ್ದೇನೆ, ಒಮ್ಮೆಯೂ ಒಳಗೆ ನೋಡಿರಲಿಲ್ಲ. ಬೆಟ್ಟದಿಂದ ಇಳಿದ ಮೇಲೆ ನೋಡುವುದಕ್ಕೆ ಏನೂ ಇಲ್ಲ ಎಂದುಕೊಂಡಿದ್ದೆ.

ಸಂಜೆ ಹೊತ್ತು ಬಿಡುವಿದ್ದರೆ ಸ್ವಲ್ಪ ಲೆಕ್ಕಪತ್ರವನ್ನೂ ಕಲಿ. ಅಪ್ಪನಾದವನು ಇಷ್ಟಾದರೂ ಹೇಳಬೇಕು.

ಒಂದು ವಿಷಯ ಮಾತ್ರ ಬಿಡಿಸಲಾಗಲಿಲ್ಲ. ಮೊದಲನೆಯ ಬೇಸಿಗೆಯ ಕಂದಿನ ನಡುವೆ ಒಂದು ಕಪ್ಪು ಗೆರೆ ಇದೆ, ಚೂಪಾದದ್ದು. ಆಗ ಏನಾಗಿತ್ತೋ ನನಗೂ ನೆನಪಿಲ್ಲ, ಗುವೊನಿಗೂ ನೆನಪಿಲ್ಲ. ಮೂರು ಸಲ ಅಳೆದೆ. ತುಂಡನ್ನು ಎರಡಾಗಿ ಕೊಯ್ದು ಅರ್ಧವನ್ನು ಟವೆಲಿನಲ್ಲಿ ಸುತ್ತಿ ಇದರೊಡನೆ ಕಳಿಸುತ್ತಿದ್ದೇನೆ. ನಿಮ್ಮ ಹೇ ಮೇಷ್ಟ್ರಿಗೆ ತೋರಿಸಬೇಡ, ಸ್ನಾನದ ಮನೆಯ ಪೈಪು ಎಂದು ನಕ್ಕಾರು.

ತೋರಿಸಿದರೆ, ಅವರು ಏನಂದರು ಎಂದು ಕೂಡಲೇ ಬರೆ. ಅದಕ್ಕಿಂತ ಮೊದಲು ನಿನಗೇನನ್ನಿಸಿತು ಎಂದು ಬರೆ.

ಅಪ್ಪ